ಒಂಬತ್ತನೆಯ ತೂತು

ಬೆಳಗಿನ ನಮಾಜು ಮುಗಿಸಿ ತೋಟಕ್ಕೆ ಬಂದ ಫರಾಜಿ, ಗೋಡೆಯಿದ್ದ ಕಡೆ ಗೋಡೆ ಕಾಣದೆ ನಿಂತುಬಿಟ್ಟ. ಪೂರ್ತಿ ಬಿದ್ದಿರಲಿಲ್ಲ. ತನ್ನ ಹತ್ತೊಂಬತ್ತು ಖರ್ಜೂರದ ಮರಗಳಿಗೂ ಮೌಲಾಯ್ ತಯ್ಯಿಬರ ದೊಡ್ಡ ತೋಟಕ್ಕೂ ನಡುವೆ ಇದ್ದ ಮಣ್ಣಿನ ಗೋಡೆಯಲ್ಲಿ, ಹೊರೆ ಹೊತ್ತ ಕತ್ತೆಯೊಂದು ಸಲೀಸಾಗಿ ದಾಟುವಷ್ಟು ಅಗಲ ತೆಗೆದಿದ್ದರು. ತೆಗೆದ ಇಟ್ಟಿಗೆಗಳನ್ನು ಪಕ್ಕಕ್ಕೆ ಒಪ್ಪವಾಗಿ ಜೋಡಿಸಿಟ್ಟಿದ್ದರು. ಸಿಟ್ಟಿನಿಂದ ಕೆಡವಿದ್ದರೆ ಮಣ್ಣು ರಾಶಿ ಬಿದ್ದಿರುತ್ತಿತ್ತು, ಜಗಳ ತೆಗೆಯಬಹುದಿತ್ತು. ಇದು ತಮ್ಮ ಮನೆಯ ಕೋಣೆಗೆ ಇನ್ನೊಂದು ಬಾಗಿಲು ಇಟ್ಟುಕೊಂಡವರ ಕೆಲಸ. ಮೌಲಾಯ್ ಮನೆಯ ಆಳು ಕಂಡಿಯ ಪಕ್ಕದಲ್ಲೇ ಕೂತು ಚಹಾ ಕಾಯಿಸುತ್ತಿದ್ದವನು ಎದ್ದು ನಿಂತು ಕೈ ಎದೆಗೆ ಮುಟ್ಟಿಸಿಕೊಂಡು ಸಲಾಂ ಹೇಳಿದ. ನಮ್ಮ ಒಡೆಯರು, ಸೀದಿ, ಹೇಳಿದರು, ಹೇಗೂ ಮುಂದೆ ಓಡಾಡಬೇಕಲ್ಲ, ಬಿಸಿಲು ಜೋರಾಗುವ ಮುಂಚೆ ಮುಗಿಸಿಬಿಡು ಅಂದರು ಎಂದ. ಮಾತಿನಲ್ಲಿ ಒಂದಿಷ್ಟೂ ಕೆಡುಕಿರಲಿಲ್ಲ. ಒಂದು ಲೋಟ ಚಹಾವನ್ನೂ ಮುಂದೆ ಹಿಡಿದ. ಫರಾಜಿ ತೆಗೆದುಕೊಂಡ, ಕುಡಿದ, ಚೆನ್ನಾಗಿದೆ ಎಂದೂ ಹೇಳಿದ. ನಾಲ್ಕು ಹೆಜ್ಜೆ ಹೋದ ಮೇಲೆ ಯಾಕೆ ಹಾಗೆ ಹೇಳಿದೆ ಎಂದು ನಾಲಿಗೆ ಕಚ್ಚಿಕೊಂಡ. ಎಪ್ಪತ್ತು ವರ್ಷದ ಬದುಕಿನಲ್ಲಿ ಆ ಮನೆಯಿಂದ ಬಂದದ್ದನ್ನು ಒಂದು ಸಲವೂ ಚೆನ್ನಾಗಿಲ್ಲ ಎಂದು ಹೇಳಿದವನಲ್ಲ ಅವನು.

ತಾನು ಬದುಕಿರುವುದು ಇನ್ನು ಸ್ವಲ್ಪ ಕಾಲ ಎಂಬುದು ಊರಿಗೆಲ್ಲ ತನಗಿಂತ ಮೊದಲೇ ಗೊತ್ತಾದಂತಿತ್ತು. ಚಳಿಗಾಲದಲ್ಲಿ, ನೆಲದಡಿಯಿಂದ ಊರಿಗೆ ನೀರು ತರುವ ಸುರಂಗದ ಬಾವಿಯೊಂದಕ್ಕೆ ಇಳಿದವನು ಮೇಲೆ ಬರುವಾಗ ನಡುವೆಯೇ ಉಸಿರು ಸಿಕ್ಕಿಕೊಂಡು ಹಗ್ಗದಲ್ಲಿ ಜೋತುಬಿದ್ದಿದ್ದ. ಮೇಲೆಳೆದು ಪೇಟೆಗೆ ಕರೆದೊಯ್ದಾಗ ಅಲ್ಲಿನ ಡಾಕ್ಟರು ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು, ಆಮೇಲೆ ಇವನಿಗೆ ಏನೂ ಹೇಳದೆ ಜೊತೆಗೆ ಬಂದವನನ್ನು ಹೊರಗೆ ಕರೆದು ಮಾತಾಡಿದರು. ಅವತ್ತಿನಿಂದ ಜನ ಮೆತ್ತಗಾಗಿದ್ದರು. ಮಸೀದಿಯಲ್ಲಿ ಗೋಡೆಗೆ ಒರಗುವ ಜಾಗ ಬಿಟ್ಟುಕೊಡುತ್ತಿದ್ದರು. ದಾರಿಯಲ್ಲಿ ನಿಂತು ಮಾತಾಡಿಸುವವರ ಕಣ್ಣು ಇವನ ಮುಖದಿಂದ ಜಾರಿ ಹಿಂದಿನ ಮರಗಳ ಮೇಲೆ ಹೋಗಿ ಒಂದು ಗಳಿಗೆ ತಂಗಿ ವಾಪಸು ಬರುತ್ತಿತ್ತು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ಹುಟ್ಟಿದ ಎರಡೂ ಮಕ್ಕಳು ನಡೆಯಲು ಕಲಿಯುವ ಮುಂಚೆಯೇ ಮಣ್ಣು ಸೇರಿದ್ದವು. ಅಣ್ಣತಮ್ಮಂದಿರಿಲ್ಲ, ದಾಯಾದಿಗಳಿಲ್ಲ. ನಲವತ್ತು ವರ್ಷ ಊರಿನ ನೀರಳೆದು, ಸುರಂಗದ ಹೂಳು ತೆಗೆದು, ಕೂಲಿಯ ಬದಲು ಚೂರುಚೂರಾಗಿ ಪಡೆದ ನೀರಿನ ಹಕ್ಕು, ಆ ನೀರಿನಿಂದ ಎದ್ದ ಹತ್ತೊಂಬತ್ತು ಮರ, ಎರಡು ಕೋಣೆಯ ಮನೆ, ಇಷ್ಟೇ ಅವನ ಆಸ್ತಿ. ಮಸೀದಿಯ ಮೂಲೆಯಲ್ಲಿ ಬುಟ್ಟಿ ಹೆಣೆಯುವ ಮುದುಕನೊಬ್ಬ ಮಾತ್ರ ಹಳೆಯ ಸಲಿಗೆ ಬಿಟ್ಟಿರಲಿಲ್ಲ. ಇವತ್ತು ಇವನನ್ನು ಕಂಡವನೇ, ಊರು ಗೌರವದಿಂದ ಹಿರಿಯರ ಹೆಸರಿನ ಮುಂದಿಡುವ ‘ಬಾ’ ಸೇರಿಸಿಯೇ, “ಏನು ಬಾ ಫರಾಜಿ, ನಿಮ್ಮ ಗೋಡೆ ನಿಮಗಿಂತ ಮುಂಚೆ ಹೊರಟುಹೋಯಿತಂತೆ? ಅದಕ್ಕೇನು ಅವಸರ ಇತ್ತೋ” ಎಂದ. ಫರಾಜಿ ನಕ್ಕ. ನಗುವಾಗ ಎದೆಯಲ್ಲಿ ಯಾರೋ ಒಳಗಿನಿಂದ ಬೆರಳಿಟ್ಟು ಒತ್ತಿದ ಹಾಗಾಯಿತು.

ನಾಲ್ಕು ದಿನದ ಹಿಂದೆ ಅವನು ಇಮಾಮ್ ಇದ್ರೀಸರ ಹತ್ತಿರ ಹೋಗಿದ್ದ. ಊರಿನ ಮದುವೆ, ಮಣ್ಣು, ಪಾಲು, ಪತ್ರ ಎಲ್ಲಕ್ಕೂ ಅವರೇ. ನನ್ನ ತೋಟ, ನೀರು ಖೈರಾಳಿಗೆ ಹೋಗಬೇಕು ಅಂತ ಬರೆದುಕೊಡಿ ಎಂದ. ಖೈರಾ ಅಲ್ಲಾಲನ ವಿಧವೆ, ಎರಡು ಓಣಿಯಾಚೆ ಇರುವವಳು, ದಿನಾ ಮಧ್ಯಾಹ್ನ ಇವನ ಹೊಸ್ತಿಲ ಮೇಲೆ ಒಂದು ಬಟ್ಟಲು ಗಂಜಿ ಮುಚ್ಚಿಟ್ಟು ಹೋಗುವವಳು. ಇಮಾಮರು ಗಡ್ಡ ನೀವಿಕೊಂಡರು. ಆಮೇಲೆ, ಮಗುವಿಗೆ ಪಾಠ ಹೇಳುವ ಹಾಗೆ ಮೆಲ್ಲಗೆ ಹೇಳಿದರು. ಮನಸ್ಸಿಗೆ ಬಂದವರಿಗೆ ಕೊಡಬಹುದಾದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ವಾರಸುದಾರರದು. ವಾರಸುದಾರರೇ ಇಲ್ಲವಲ್ಲ ಎಂದು ಇವನು. ಇದ್ದಾರಲ್ಲ ಎಂದು ಅವರು. ಗುಲಾಮನಾಗಿದ್ದ ನಿಮ್ಮ ಅಜ್ಜನನ್ನು ಅಲ್ಲಾಹನ ಹೆಸರಿನಲ್ಲಿ ಬಿಡುಗಡೆ ಮಾಡಿದ್ದು ಮೌಲಾಯ್ ತಯ್ಯಿಬರ ಅಜ್ಜ. ಬಿಡುಗಡೆಯಾದವನ ಸಂತಾನದಲ್ಲಿ ರಕ್ತದವರು ಯಾರೂ ಉಳಿಯದಿದ್ದರೆ ಬಿಡುಗಡೆ ಮಾಡಿದ ಮನೆಗೇ ಹಕ್ಕು. ಹೊಸ ಸರಕಾರ ಏನನ್ನುತ್ತದೋ ಗೊತ್ತಿಲ್ಲ, ಈ ಊರಿನಲ್ಲಿ ನಡೆದುಬಂದಿರುವುದು ಹೀಗೆ.

ಫರಾಜಿಯ ಪೆಟ್ಟಿಗೆಯಲ್ಲಿ ಜಿಂಕೆ ಚರ್ಮದ ಮೇಲೆ ಬರೆದ ಆ ಬಿಡುಗಡೆಯ ಪತ್ರವಿತ್ತು. ಅಪ್ಪ ಸಾಯುವಾಗ, ಇದನ್ನು ಕಳೆದುಕೊಳ್ಳಬೇಡ, ಇದು ಇರುವ ತನಕ ನಿನ್ನನ್ನು ಯಾರೂ ಮಾರಲಾರರು ಎಂದು ಕೊಟ್ಟಿದ್ದು. ಸುಟ್ಟುಹಾಕಿದರೆ, ಎಂದು ಅವನು ಕೇಳಿಯೂಬಿಟ್ಟ, ಕೇಳುವಾಗ ತನ್ನ ಧ್ವನಿ ಕಳ್ಳನ ಧ್ವನಿಯ ಹಾಗಿದೆ ಎನ್ನಿಸಿ ತಲೆ ತಗ್ಗಿಸಿದ. ಇಮಾಮರು ಬೈಯಲಿಲ್ಲ. ಪತ್ರ ಯಾಕೆ ಬೇಕು ಬಾ ಫರಾಜಿ, ನಿಮ್ಮ ಬಾಯಿಂದಲೇ ಊರು ಕೇಳಿದೆಯಲ್ಲ ಎಂದರು. ಹೌದು, ಕೇಳಿತ್ತು. ತನ್ನ ಮದುವೆಯ ದಿನ, ನೀನು ಯಾರ ಕಡೆಯವನು ಎಂದು ಹೆಣ್ಣಿನವರು ಕೇಳಿದಾಗ, ಅವನು ಎದ್ದು ನಿಂತು ಎದೆಯುಬ್ಬಿಸಿ, ನಾವು ಮೌಲಾಯ್ ಮನೆಯವರು ಎಂದಿದ್ದ. ಹಾಗೆಂದದ್ದಕ್ಕೇ ಮರಳ ಮೇಲೆ ಕೂತಿದ್ದವನನ್ನು ಕರೆದು ಚಾಪೆಯ ಅಂಚಿನಲ್ಲಿ ಕೂರಿಸಿದ್ದರು. ಆ ಒಂದು ಅಂಚಿನ ಬೆಲೆ ಇದೆಂದು ಇಪ್ಪತ್ತೈದರ ಹರೆಯದಲ್ಲಿ ಯಾರಿಗೆ ಗೊತ್ತಿತ್ತು? ಹೊರಡುವಾಗ ಇಮಾಮರು ಚಪ್ಪಲಿ ಮೆಟ್ಟುತ್ತಿದ್ದವನಿಗೆ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದರು, ಹೇಳಬೇಕಾದದ್ದನ್ನು ಬಿಟ್ಟರೆ ತಮ್ಮ ಮೇಲೆ ಪಾಪ ಬರುತ್ತದೆಂಬಂತೆ. ಹೆಣದ ಬಟ್ಟೆ ಮೊದಲು. ಆಮೇಲೆ ಸತ್ತವನ ಮೇಲಿರುವ ಇತರರ ಹಕ್ಕು, ಅಂದರೆ ಅವನು ತೀರಿಸದೆ ಉಳಿದ ಸಾಲ. ಅದು ತೀರಿದ ಮೇಲೆ ಉಯಿಲು, ಕೊನೆಗೆ ವಾರಸುದಾರ. ಫರಾಜಿ ಚಪ್ಪಲಿಯ ಪಟ್ಟಿಯನ್ನು ಬೆರಳ ಸಂದಿಗೆ ಸೇರಿಸಲಾರದೆ ಬಹಳ ಹೊತ್ತು ಬಗ್ಗಿಯೇ ಇದ್ದ.

ಇತರರ ಹಕ್ಕು. ಆ ಮಾತು ನಾಲ್ಕು ದಿನದಿಂದ ಅವನ ಜೊತೆಗೇ ಉಂಡು ಅವನ ಜೊತೆಗೇ ಮಲಗುತ್ತಿತ್ತು. ಈಗ ನೀರು ಹಂಚುವ ಕಟ್ಟೆಯ ಹತ್ತಿರ ಬಂದು ಕೂತಾಗ ಅದೂ ಪಕ್ಕದಲ್ಲಿ ಕೂತಿತು. ಮರಳುಗಾಡಿನ ಕೆಳಗೆ ಹರದಾರಿಗಟ್ಟಲೆ ಕತ್ತಲಲ್ಲಿ ನಡೆದುಬಂದ ನೀರು ಇಲ್ಲಿ ಸುರಂಗದ ಬಾಯಿಂದ ಬೆಳಕಿಗೆ ಬೀಳುತ್ತದೆ, ಬಿದ್ದು ಬಾಚಣಿಗೆ ಕಲ್ಲಿಗೆ ಬರುತ್ತದೆ. ಅಗಲವಾದ ಬಾಚಣಿಗೆಯಂಥ ಕಲ್ಲು. ಅದರ ಹಲ್ಲುಗಳ ನಡುವಿನ ಒಂದೊಂದು ಕಂಡಿ ಒಂದೊಂದು ಮನೆಯದು. ಯಾರ ಕಂಡಿ ಎಷ್ಟಗಲ ಎಂಬುದನ್ನು ನಿರ್ಧರಿಸುವುದು ಫರಾಜಿಯ ತಾಮ್ರದ ತಗಡು. ತಗಡಿನ ತುಂಬ ತೂತು. ಕಂಡಿಗೆ ಅಡ್ಡ ಹಿಡಿದು, ತೂತುಗಳನ್ನು ಜೇಡಿಮಣ್ಣಿನಿಂದ ಮುಚ್ಚುತ್ತ ತೆರೆಯುತ್ತ ಹೋಗಬೇಕು. ಹಿಂದೆ ನಿಂತ ನೀರು ಏರದೆ ಇಳಿಯದೆ ತಗಡಿನ ಮೇಲೆ ಕೊರೆದ ಗೆರೆಯ ಮೇಲೆ ನಿಂತಾಗ ಎಷ್ಟು ತೂತು ತೆರೆದಿವೆಯೋ ಅದು ಆ ಮನೆಯ ಪಾಲು. ಅಲ್ಲಾಲನದು ಒಂಬತ್ತು, ಮೌಲಾಯ್ ಮನೆಯದು ಹದಿನಾಲ್ಕು. ಇದು ಊರಿನ ಮುದುಕರಿಗೆಲ್ಲ ಬಾಯಿಪಾಠ. ಆ ಎರಡು ಕಂಡಿಗಳು ಪಕ್ಕಪಕ್ಕದವು. ನಡುವೆ ಒಂದೇ ಒಂದು ಹಲ್ಲು.

ಇಪ್ಪತ್ತೆರಡು ವರ್ಷದ ಹಿಂದೆ, ಮರಳ ಬಿರುಗಾಳಿಗೆ ಕಲ್ಲು ಸಡಿಲವಾಗಿ ಎಲ್ಲವನ್ನೂ ಹೊಸದಾಗಿ ಅಳೆದು ಕೂರಿಸಬೇಕಾಗಿ ಬಂದ ದಿನ, ಮೌಲಾಯ್ ತಯ್ಯಿಬರು ಬಿಳಿಯ ನಿಲುವಂಗಿಯಲ್ಲಿ ಬಂದು ಇವನ ಹಿಂದೆ ನಿಂತಿದ್ದರು. ಏನೂ ಕೇಳಲಿಲ್ಲ. ಬಿಸಿಲಿದೆ ಫರಾಜಿ, ನೀರು ಕುಡಿ ಎಂದು ಮಾತ್ರ ಅಂದರು. ಅಷ್ಟಕ್ಕೇ ಇವನ ಕೈ, ಅದು ತನ್ನದೇ ಕೈಯೋ ಅಪ್ಪನದೋ ಅಜ್ಜನದೋ ಇವತ್ತಿಗೂ ಹೇಳಲು ಬರುವುದಿಲ್ಲ, ನಡುವಿನ ಹಲ್ಲನ್ನು ಅರ್ಧ ಬೆರಳು ಅಲ್ಲಾಲನ ಕಡೆ ಸರಿಸಿ ಸುಣ್ಣದ ಗಾರೆ ಒತ್ತಿಬಿಟ್ಟಿತು. ಒಂಬತ್ತು ಎಂದು ಕೂಗಿ ಹೇಳಿದ್ದು ತನ್ನ ಬಾಯಿ. ತೆರೆದಿದ್ದದ್ದು ಎಂಟು. ಒಂಬತ್ತನೆಯದರಲ್ಲಿ ಜೇಡಿಮಣ್ಣಿತ್ತು, ಮಣ್ಣಿನ ಮೇಲೆ ತನ್ನ ಹೆಬ್ಬೆಟ್ಟಿತ್ತು. ಹತ್ತು ಜನ ನೋಡುತ್ತಿದ್ದರು. ಯಾರೂ ಬಗ್ಗಿ ನೋಡಲಿಲ್ಲ, ಯಾಕೆಂದರೆ ಅಳೆಯುತ್ತಿದ್ದವನು ಬಾ ಫರಾಜಿ. ಮೌಲಾಯ್ ಕಂಡರೇ? ಇಷ್ಟು ವರ್ಷವಾದರೂ ಅವನಿಗೆ ತಿಳಿಯದು. ತಿಳಿಯದಿರಲಿ ಎಂದೇ ಅವರ ಕಣ್ಣನ್ನು ನೇರ ನೋಡಿರಲಿಲ್ಲ. ಎರಡು ಬೇಸಗೆ ಕಳೆಯುವುದರೊಳಗೆ ಅಲ್ಲಾಲನ ತೋಟದ ಕೊನೆಯ ಸಾಲು ಒಣಗಿತು. ಮುಂದಿನ ವರ್ಷ ಇನ್ನೊಂದು ಸಾಲು.

ಫರಾಜಿಯ ತಾಯಿ ಮೌಲಾಯ್ ತಯ್ಯಿಬರಿಗೆ ಮೊಲೆಯೂಡಿಸಿದವಳು. ಹಾಗೆ ನೋಡಿದರೆ ಅವರು ಇವನಿಗೆ ಹಾಲಿನ ತಮ್ಮ. ದೊಡ್ಡ ಮನೆಯ ಕೂಸಿಗೆ ಹಾಲು ಸಾಲದೆ ಇವನ ತಾಯಿಯನ್ನು ಕರೆಸಿಕೊಂಡಾಗ ಇವನಿಗೆ ಮೂರು ವರ್ಷ, ತಂಗಿಗೆ ಮೂರು ತಿಂಗಳು. ಆ ಚಳಿಗಾಲ ತಂಗಿ ತೀರಿಕೊಂಡಳು. ತಾಯಿ ಆ ಬಗ್ಗೆ ಒಂದು ಮಾತೂ ಆಡಿದ್ದು ನೆನಪಿಲ್ಲ. ಹಬ್ಬದ ದಿನ ದೊಡ್ಡ ಮನೆಯಿಂದ ಮಾಂಸದ ತಟ್ಟೆ ಬಂದಾಗ ಅವಳು ಅದನ್ನು ಇವನಿಗೆ ಬಡಿಸಿ ತಾನು ಮುಟ್ಟದೆ ಎದ್ದುಹೋಗುತ್ತಿದ್ದಳು ಎಂಬುದಷ್ಟೇ. ಹಾಲಿನ ಸಂಬಂಧಕ್ಕೆ ಆಸ್ತಿಯಲ್ಲಿ ಪಾಲಿಲ್ಲ ಎಂದು ಇಮಾಮರು ಹೇಳಿದ್ದರು. ತಮ್ಮನಾಗಿ ಬಂದರೆ ಮೌಲಾಯ್‌ಗೆ ಇವನಿಂದ ಒಂದು ಖರ್ಜೂರವೂ ಸಿಗುವುದಿಲ್ಲ. ಒಡೆಯನಾಗಿ ಬಂದರೆ ಎಲ್ಲವೂ. ಈ ಮಾತು ತಲೆಯೊಳಗೆ ತಿರುಗುತ್ತಿದ್ದಾಗ ಮಧ್ಯಾಹ್ನದ ಬಾಂಗು ಕೇಳಿಸಿತು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂಗೆಂದು ನೀರಿಗೆ ಕೈಯಿಟ್ಟರೆ ನೀರು ಎಂದಿಗಿಂತ ತಣ್ಣಗಿತ್ತು, ಸುರಂಗದೊಳಗಿಂದ ಯಾರೋ ಹಿಡಿದುಕೊಂಡ ಹಾಗೆ ಕೈಯನ್ನು ಬಿಡಲೊಲ್ಲದು. ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಿಸಿದಾಗ ಅವನು ಕೇಳಿಕೊಂಡದ್ದು ಆಯುಸ್ಸನ್ನಲ್ಲ. ನನ್ನ ಬಾಯಿಯಿಂದ ಬರುವುದು ನಿನ್ನ ಭಯದಿಂದ ಬರಲಿ, ಗೋಡೆಯ ಸಿಟ್ಟಿನಿಂದ ಬಾರದಿರಲಿ ಎಂದು ಕೇಳಿಕೊಂಡ. ಕೇಳಿಕೊಂಡ ಮೇಲೂ ಅನುಮಾನ ಹೋಗಲಿಲ್ಲ. ಇವತ್ತು ಬೆಳಿಗ್ಗೆ ಗೋಡೆ ನೆಟ್ಟಗೆ ನಿಂತಿದ್ದಿದ್ದರೆ ತಾನು ಬಾಯಿ ಬಿಡುತ್ತಿದ್ದೆನೇ? ಇಪ್ಪತ್ತೆರಡು ವರ್ಷ ಆ ಹೆಂಗಸು ಓಣಿಯಲ್ಲಿ ಎದುರಾದಾಗಲೆಲ್ಲ ಬಿಡದ ಬಾಯಿ.

ಇಳಿಹೊತ್ತಿನ ನಮಾಜಿನ ನಂತರ ಕಟ್ಟೆಯ ಹತ್ತಿರ ಎಲ್ಲ ಸೇರುವುದೆಂದು ಮೌಲಾಯ್ ಹೇಳಿಕಳಿಸಿದ್ದರು. ಏಳೆಂಟು ಗಂಡಸರು, ಇಮಾಮರು, ಅವರ ಕೈಯಲ್ಲಿ ಬರೆಯುವ ಹಲಗೆ. ಮೌಲಾಯ್ ತಯ್ಯಿಬರು ನಿಧಾನವಾಗಿ, ಊರುಗೋಲು ಊರುತ್ತ ಬಂದರು. ತೆಳ್ಳಗಿನ, ಸ್ವಚ್ಛವಾದ ಮುದುಕ. ಜನ ಬಗ್ಗಿ ಭುಜ ಮುಟ್ಟಿ ಮುತ್ತಿಟ್ಟರು. ಫರಾಜಿಯೂ ಬಗ್ಗಿದ. ಅವರು ಬಗ್ಗಲು ಬಿಡದೆ ಅವನ ಎರಡೂ ತೋಳು ಹಿಡಿದುಕೊಂಡು, “ಕೂತ್ಕೋ ಅಣ್ಣ” ಎಂದರು.

ಅಣ್ಣ. ಮಾತು ಕಲಿತಾಗಿನಿಂದ ಫರಾಜಿ ಎಂದೇ ಕರೆದವರು, ಆ ಶಬ್ದವನ್ನು ಇವತ್ತಿಗೆಂದು ಎತ್ತಿಟ್ಟುಕೊಂಡಿದ್ದರೇನೋ. ಸುತ್ತ ಇದ್ದವರ ಮುಖ ಕರಗಿತು. ಎಂಥ ದೊಡ್ಡ ಮನಸ್ಸು ಎಂಬಂತೆ ಒಬ್ಬ ಕಣ್ಣೊರೆಸಿಕೊಂಡ. ಮೌಲಾಯ್ ಚೆನ್ನಾಗಿಯೇ ಮಾತಾಡಿದರು. ಒಂದೇ ಎದೆಯ ಹಾಲು ಕುಡಿದವರು ನಾವು, ಇವನು ಮಲಗಿದರೆ ನಮ್ಮ ಮನೆಯಲ್ಲಿ ಹಾಸಿಗೆ, ಸತ್ತರೆ ನಮ್ಮವರ ಸಾಲಿನಲ್ಲಿ ಗೋರಿ, ವರ್ಷ ವರ್ಷ ಇವನ ಹೆಸರಿನಲ್ಲಿ ಕುರಾನು ಓದಿಸುತ್ತೇನೆ, ಇವನ ತೋಟ ಕಂಡಕಂಡವರ ಪಾಲಾಗಲು ಬಿಡುವುದಿಲ್ಲ, ಹಕ್ಕು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಲಿ, ಎಲ್ಲರೆದುರು ಒಂದು ಮಾತು ಆಡಿಬಿಡಲಿ, ಅಷ್ಟೆ. ಫರಾಜಿಗೆ ಆ ಗೋರಿಯ ಆಸೆಯಾಯಿತು. ನಾಚಿಕೆಯಿಲ್ಲದೆ, ಹಸಿದವನಿಗೆ ಅನ್ನದ ಆಸೆಯಾಗುವ ಹಾಗೆ, ಅವರ ಸಾಲಿನ ಕೊನೆಯ ಗೋರಿಯ ಆಸೆ. ಹೂಂ ಎಂದುಬಿಟ್ಟರೆ ಎಲ್ಲ ಸುಖವಾಗಿ ಮುಗಿದುಹೋಗುತ್ತದೆ. ಈ ಊರಿನ ಅತ್ಯಂತ ಪ್ರಾಮಾಣಿಕ ಮನುಷ್ಯ ಎಂದು ಇಮಾಮರು ಹೆಣದ ಮುಂದೆ ನಿಂತು ಹೇಳುತ್ತಾರೆ. ಜನ ಆಮೀನ್ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳಬೇಕಾದ ದೇವದೂತರೂ ಅಲ್ಲೇ ಇರುತ್ತಾರೆ.

“ನನ್ನ ಮೇಲೆ ಒಬ್ಬರ ಹಕ್ಕಿದೆ” ಎಂದ. “ಅದು ತೀರಲಿ ಮೊದಲು.”

ಯಾರದು ಎಂದು ಇಮಾಮರು ಕೇಳಿದರು. ಅವನು ಉತ್ತರ ಹೇಳದೆ ನೀರಿಗಿಳಿದ. ಮೊಣಕಾಲೂರಿ ತಗಡನ್ನು ಅಲ್ಲಾಲನ ಕಂಡಿಗೆ ಅಡ್ಡ ಹಿಡಿದ. ಒಂಬತ್ತು ತೂತು ತೆರೆದೇ ಇಟ್ಟಿದ್ದ. ಹಿಂದಿನ ನೀರು ಗೆರೆ ಮುಟ್ಟಲಿಲ್ಲ, ತಗ್ಗಿ ತಗ್ಗಿ ಹೋಯಿತು. ಒಂದು ಚಿಟಿಕೆ ಜೇಡಿಮಣ್ಣು ತೆಗೆದು ಒಂಬತ್ತನೆಯದನ್ನು ಮುಚ್ಚಿದ. ನೀರು ಮೆಲ್ಲಗೆ ಏರಿ ಗೆರೆಯ ಮೇಲೆ ನಿಂತಿತು. ಆಮೇಲೆ ಪಕ್ಕದ ಕಂಡಿಗೆ ಹಿಡಿದ. ಹದಿನಾಲ್ಕು ತೆರೆದ, ನೀರು ಗೆರೆ ದಾಟಿ ಉಕ್ಕಿತು. ಹದಿನೈದನೆಯದನ್ನು ತೆರೆದ, ನಿಂತಿತು. ಮಾತಿನ ಅಗತ್ಯವೇ ಇರಲಿಲ್ಲ, ಆದರೂ ಹೇಳಿದ. ಬಿರುಗಾಳಿಯ ವರ್ಷ ಈ ಹಲ್ಲನ್ನು ಸರಿಸಿದ್ದು ನಾನು. ಇಪ್ಪತ್ತೆರಡು ವರ್ಷ ಆ ತೂತಿನಲ್ಲಿ ಹರಿದ ನೀರಿಗೆ ನನ್ನದೆಲ್ಲ ಸೇರಿಸಿದರೂ ಸಾಲದು. ನನ್ನ ಮರ, ನನ್ನ ನೀರು, ನನ್ನ ಮನೆ ಅಲ್ಲಾಲನ ಹೆಂಡತಿ ಖೈರಾಳದು. ಇದು ದಾನವಲ್ಲ, ಉಯಿಲೂ ಅಲ್ಲ.

ಮುಪ್ಪು, ಪಾಪ, ಕಾಯಿಲೆ ತಲೆಗೇರಿದೆ ಎಂದು ಪಕ್ಕದವನಿಗೆ ಹೇಳಲು ಹೊರಟ ಮೌಲಾಯ್, ಪಕ್ಕದವನ ಕಣ್ಣು ಇನ್ನೂ ತಗಡಿನ ಮೇಲೇ ಇರುವುದನ್ನು ಕಂಡು ಅಲ್ಲಿಗೇ ಬಿಟ್ಟರು. ಆಮೇಲೆ ತಣ್ಣಗಿನ ಧ್ವನಿಯಲ್ಲಿ, “ನಾನು ಕೇಳಿದ್ದೆನೇನೋ ಫರಾಜಿ?” ಎಂದರು.

“ಇಲ್ಲ ಸೀದಿ. ನೀವು ಕೇಳಲಿಲ್ಲ.”

“ಮತ್ತೆ?”

ಸುಳ್ಳು ಹೇಳಬಹುದಿತ್ತು, ಹೆದರಿಸಿದಿರಿ ಎನ್ನಬಹುದಿತ್ತು, ಜನ ಅರ್ಧವಾದರೂ ಕ್ಷಮಿಸುತ್ತಿದ್ದರು. ನೀವು ನೀರು ಕುಡಿ ಅಂದಿರಿ, ಅಷ್ಟಕ್ಕೇ ಕೈ ಹೋಯಿತು ಎಂದು ಹೇಗೆ ಹೇಳುವುದು? ಇಮಾಮರು ಹಲಗೆಯ ಮೇಲೆ ಬರೆಯತೊಡಗಿದ್ದರು. ಬರೆಯುತ್ತ ಒಂದು ಸಲವೂ ತಲೆಯೆತ್ತಲಿಲ್ಲ. ಆಗ ಫರಾಜಿ ಗಮನಿಸಿದ, ಕೂತವರು ಒಬ್ಬೊಬ್ಬರಾಗಿ ಏಳುತ್ತಿದ್ದರು. ಯಾರೂ ಇವನ ಕಡೆ ಬರಲಿಲ್ಲ. ಕಲ್ಲಿನ ಆ ತುದಿಗೆ, ಈ ತುದಿಗೆ ಹೋಗಿ ತಂತಮ್ಮ ಕಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಗ್ಗಿ, ಹಲ್ಲುಗಳ ಬುಡವನ್ನು ಬೆರಳಿನಿಂದ ತಡವಿ ನೋಡುತ್ತಿದ್ದರು. ಬುಟ್ಟಿ ಹೆಣೆಯುವ ಮುದುಕನೂ ಬಂದಿದ್ದ, ಅವನೂ ತಡವುತ್ತಿದ್ದ. “ನಂದೂ ಒಂದ್ಸಲ ತಗಡು ಹಿಡೀರಿ” ಎಂದ. ಈ ಸಲ ಬಾ ಫರಾಜಿ ಎನ್ನಲಿಲ್ಲ. ಮತ್ತೊಬ್ಬ, ಅವನ ಕೈಲಿ ಬೇಡ, ತಗಡು ಇತ್ತ ಕೊಡಲಿ ಎಂದ. ಯಾರೋ ನೀರಿಗಿಳಿದು ಅವನ ಕೈಯಿಂದ ಅದನ್ನು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ. ತೆಗೆದುಕೊಂಡರು, ಅಷ್ಟೆ. ಬರಿಗೈಯಲ್ಲಿ ಅವನು ಮಂಡಿಯುದ್ದ ನೀರಲ್ಲಿ ನಿಂತಿದ್ದ. ಮೌಲಾಯ್ ಊರುಗೋಲು ಊರುತ್ತ ಹೊರಟುಹೋದದ್ದು ತಿಳಿಯಲಿಲ್ಲ.

ಕೆಳಗೆ ಬಟ್ಟೆ ಒಗೆಯುವ ಕಡೆಯಿಂದ ಖೈರಾ ಬಂದಿದ್ದಳು. ಯಾರೋ ಹೇಳಿರಬೇಕು, ತೋಳು ಇನ್ನೂ ಒದ್ದೆಯಿತ್ತು. ಕಟ್ಟೆಯ ಅಂಚಿನಲ್ಲಿ ನಿಂತು ಇಮಾಮರ ಹಲಗೆಯನ್ನೂ ಇವನನ್ನೂ ನೋಡಿದಳು. ಇವಳು ಅಳಬಹುದು, ಶಪಿಸಬಹುದು, ಅಥವಾ ಅಲ್ಲಾಹ ಕ್ಷಮಿಸಲಿ ಎನ್ನಬಹುದು ಎಂದು ಅವನು ಕಾದ. ಮೂರಕ್ಕೂ ಸಿದ್ಧನಾಗಿ ಬಂದಿದ್ದ. ಅವಳು ಸಂತೆಯ ವಿಷಯ ಮಾತಾಡುವ ಹಾಗೆ, ಸಾವಕಾಶವಾಗಿ ಮಾತಾಡಿದಳು.

“ನನ್ನ ಗಂಡ ನನಗೆ ಹೊಡೀತಿದ್ದರು, ಗೊತ್ತಾ ನಿಮಗೆ?”

ಅವನಿಗೆ ಗೊತ್ತಿರಲಿಲ್ಲ.

“ನಮ್ಮ ನೀರು ಕಮ್ಮಿ ಬರ್ತಿದೆ, ನೀನೇ ಕಾಲುವೆ ಒಡೆದು ನಿನ್ನ ತಮ್ಮನ ತೋಟಕ್ಕೆ ಬಿಡ್ತಿದ್ದೀಯ ಅಂತ. ಬಾ ಫರಾಜಿ ಅಳೆದದ್ದು ತಪ್ಪೋದಿಲ್ಲ, ಮತ್ತೆ ನೀರು ಎಲ್ಲಿ ಹೋಗತ್ತೆ ಅನ್ನೋರು. ನಾನು ಆಣೆ ಇಟ್ಟೆ. ನಂಬಲಿಲ್ಲ. ನನ್ನ ತಮ್ಮ ಅವಮಾನ ತಡೀಲಾರದೆ ಊರು ಬಿಟ್ಟ, ಗಣಿ ಕೆಲಸಕ್ಕೆ ಹೋದವನು ಅಲ್ಲೇ ಮಣ್ಣಾದ. ನನ್ನ ಗಂಡ ಸಾಯೋ ದಿನ ನಾನು ನೀರು ಬಾಯಿಗೆ ಬಿಟ್ಟರೆ, ಇದು ಯಾರ ಪಾಲಿನ ನೀರು ಅಂತ ಕೇಳಿದರು.”

ಕಂಡಿಗಳನ್ನು ತಡವುತ್ತಿದ್ದವರ ಕೈ ನಿಂತಿತು.

ಇಮಾಮರು ಹಲಗೆಯಿಂದ ತಲೆಯೆತ್ತಿ, ತೋಟ ಒಪ್ಪಿಕೊಳ್ಳುತ್ತೀಯಾ ತಾಯಿ ಎಂದರು. ಒಪ್ಪಿಕೊಳ್ಳುತ್ತೇನೆ, ಯಾಕೆ ಬೇಡ ಅನ್ನಲಿ, ನನ್ನದೇ ನೀರು ಎಂದಳು. ಬರೆಯಿರಿ ಎಂದಳು. ಅವರು ಬರೆದು ಮುಗಿಸುವವರೆಗೂ ಕದಲದೆ ನಿಂತಿದ್ದಳು. ಆಮೇಲೆ ಎರಡು ಮೆಟ್ಟಿಲು ಇಳಿದು, ಫರಾಜಿಗೆ ಮಾತ್ರ ಕೇಳುವಷ್ಟು ಹತ್ತಿರ ಬಂದಳು.

“ಊರಿಗೆಲ್ಲ ಹೇಳಿದಿರಿ, ಒಳ್ಳೇದಾಯ್ತು. ಆದರೆ ಕೇಳಿಸಿಕೊಳ್ಳಬೇಕಾದೋರು ಇಲ್ಲಿಲ್ಲ. ನೀವು ನನಗಿಂತ ಮುಂಚೆ ಹೋಗ್ತೀರಿ, ಬಾ ಫರಾಜಿ. ಹೋದ ತಕ್ಷಣ ಅವರನ್ನು ಹುಡುಕಿ. ನಿಮ್ಮ ತಾಯಿನ್ನ, ಹೆಂಡ್ತಿನ್ನ, ಮಕ್ಕಳನ್ನ ಆಮೇಲೆ ನೋಡಿ. ಮೊದಲು ಅವರ ಹತ್ತಿರ ಹೋಗಿ, ಖೈರಾ ಕದ್ದಿರಲಿಲ್ಲ ಅಂತ ಹೇಳಿ.”

ಅವನು ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ದೂರದ ಊರಿಗೆ ಹೊರಟವನ ಕೈಗೆ ಸುದ್ದಿ ಕೊಟ್ಟು ಕಳಿಸುವವರ ಮುಖ ಅದು, ಹೊರಡುವ ಹೊತ್ತು ಗೊತ್ತಾದ ಮೇಲಿನ ಮುಖ.

“ಹೇಳ್ತೀನಿ” ಎಂದ.

“ಮರೀಬೇಡಿ” ಎಂದು ಅವಳು ಸೆರಗಿನಿಂದ ತೋಳು ಒರೆಸಿಕೊಂಡು ಹೊರಟಳು. ಅಲ್ಲಾಲ ಕಾಯುತ್ತ ಕೂತಿರುವ ಜಾಗ ಎಷ್ಟು ದೂರವಿರಬಹುದೆಂದು ಫರಾಜಿ ಎಂದೂ ಯೋಚಿಸಿರಲಿಲ್ಲ. ಈಗ ನೀರಿನಿಂದ ಮೇಲೆ ಬರಲೆಂದು ಮೆಟ್ಟಿಲ ಮೇಲೆ ಕಾಲಿಟ್ಟಾಗ, ಅದು ಹತ್ತಿರದಲ್ಲೇ ಇದೆಯೆಂದೂ, ಅಲ್ಲಿ ತನ್ನನ್ನು ಹೆಸರು ಹಿಡಿದು ಕೇಳಲು ಒಬ್ಬನು ಎದ್ದು ನಿಂತಿದ್ದಾನೆಂದೂ ಅವನಿಗೆ ತಿಳಿಯಿತು.